ಯಂತ್ರ ಪ್ರಶ್ನೋತ್ತರ: ಹಿಮದ ನಾಡಿನ ದೋಣಿ, ಅದರ ತಳದ ಪಂಪು

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವ ಪತ್ರಗಳು ಬೋರ್‌ವೆಲ್ ಮೋಟಾರು, ಗಿರಣಿಯ ಬೆಲ್ಟು, ಮನೆಯ ಮೇಲಿನ ಟ್ಯಾಂಕಿನ ಸುತ್ತಮುತ್ತಲಿನವು. ಈ ಸಲ ಧಾರವಾಡದಿಂದ ಬಂದ ಒಂದು ಪತ್ರ ಬೇರೆಯದೇ ಸಮಸ್ಯೆಯನ್ನು ತಂದಿತು. ಅದೇ ವಿಷಯಕ್ಕೆ ಹತ್ತಿರವಾದ ಮೂರು ಪತ್ರಗಳು ಹಿಂದಿನ ತಿಂಗಳುಗಳಿಂದ ನನ್ನ ಬಳಿ ಉಳಿದಿದ್ದವು. ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ನನ್ನ ಮಗಳು ಮತ್ತು ಅಳಿಯ ಅಮೆರಿಕದ ಮಿನೆಸೋಟಾದಲ್ಲಿ ಕೆರೆಯ ದಂಡೆಯ ಮೇಲಿನ ಊರೊಂದರಲ್ಲಿ ಇದ್ದಾರೆ. ಎರಡು ವರ್ಷದ ಹಿಂದೆ ಅಳಿಯಂದಿರು 16 ಅಡಿಯ ಅಲ್ಯೂಮಿನಿಯಂ ದೋಣಿ ಕೊಂಡರು. ಅದರ ತಳದಲ್ಲಿ ನಿಲ್ಲುವ ನೀರನ್ನು ಹೊರಗೆ ಹಾಕಲು ಬ್ಯಾಟರಿಯ ಮೇಲೆ ಓಡುವ ಒಂದು ಚಿಕ್ಕ ಪಂಪು ಇದೆ. ಕಳೆದ ಚಳಿಗಾಲ ಮುಗಿದ ಮೇಲೆ ಸ್ವಿಚ್ ಹಾಕಿದರೆ ಅದು ಗುಂಯ್ ಎಂದಿತೇ ಹೊರತು ನೀರು ಎತ್ತಲಿಲ್ಲ. ಬಿಚ್ಚಿ ನೋಡಿದಾಗ ಅದರ ಮೂತಿ ಸೀಳಿತ್ತಂತೆ. ಈಗ ಹೊಸ ಪಂಪು ಹಾಕಿದ್ದಾರೆ. ಬರುವ ಸೆಪ್ಟೆಂಬರಿನಲ್ಲಿ ನಾನು ಅಲ್ಲಿಗೆ ಹೋಗಿ ಮೂರು ತಿಂಗಳು ಇರುತ್ತೇನೆ. ಅಳಿಯಂದಿರಿಗೆ ಪುರುಸೊತ್ತಿಲ್ಲ, ನನಗೆ ಬೇಕಾದಷ್ಟು ಇದೆ. ಪಂಪಿಗೆ ದಪ್ಪ ಕಂಬಳಿಯೊಂದನ್ನು ಸುತ್ತಿಟ್ಟರೆ ಚಳಿ ತಡೆಯಲಾರದೇ? ಇಲ್ಲದಿದ್ದರೆ ಏನು ಮಾಡಬೇಕು?
— ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: ಕಂಬಳಿಯಿಂದ ಪ್ರಯೋಜನವಾಗುವುದಿಲ್ಲ, ಅಕ್ಕಾವರೇ. ಕಂಬಳಿ ನಮ್ಮನ್ನು ಬೆಚ್ಚಗಿಡುವುದು ನಮ್ಮ ಮೈ ತಾನೇ ಶಾಖ ಹುಟ್ಟಿಸುತ್ತದೆ, ಅದು ಹೊರಗೆ ಹೋಗದಂತೆ ಕಂಬಳಿ ಹಿಡಿದಿಡುತ್ತದೆ ಎಂಬ ಕಾರಣದಿಂದ. ನಿಂತ ಪಂಪಿನಲ್ಲಿ ಶಾಖ ಹುಟ್ಟುವುದಿಲ್ಲ. ಆದ್ದರಿಂದ ಕಂಬಳಿ ಸುತ್ತಿದ ಪಂಪು ಸಂಜೆ ಹೆಪ್ಪುಗಟ್ಟುವ ಬದಲು ನಡುರಾತ್ರಿ ಹೆಪ್ಪುಗಟ್ಟೀತು, ಅಷ್ಟೇ ವ್ಯತ್ಯಾಸ. ಮಿನೆಸೋಟಾದ ಜನವರಿಯಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಅಪರೂಪವೇನಲ್ಲ, ಇಳಿದ ಮೇಲೆ ದಿನಗಟ್ಟಲೆ ಮೇಲೇಳದಿರುವುದೂ ಉಂಟು. ಅಂಥಲ್ಲಿ ಪಂಪನ್ನು ಬೆಚ್ಚಗಿಡುವ ಪ್ರಯತ್ನವನ್ನೇ ಬಿಟ್ಟು, ಅದರೊಳಗೆ ಹನಿ ನೀರೂ ಉಳಿಯದಂತೆ ಮಾಡುವುದೊಂದೇ ನಂಬಬಹುದಾದ ದಾರಿ. ಚಳಿಯಿಂದ ಪಂಪಿಗೆ ನೇರವಾಗಿ ಕೇಡಿಲ್ಲ. ಕೇಡು ಒಳಗೆ ಉಳಿದ ನೀರಿನಿಂದ.

ಈ ಮಾತನ್ನು ನಾನು ಪುಸ್ತಕ ನೋಡಿ ಬರೆಯುತ್ತಿಲ್ಲ, ಪೆಟ್ಟು ತಿಂದು ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮೂವತ್ತು ವರ್ಷ ಮೋಟಾರ್ ರಿವೈಂಡಿಂಗ್ ಮತ್ತು ಪಂಪ್ ರಿಪೇರಿಯ ಅಂಗಡಿ ನಡೆಸಿದವನು ನಾನು. ಕೆಲವು ವರ್ಷಗಳ ಹಿಂದೆ ಮಿಶಿಗನ್‌ನಲ್ಲಿರುವ ನನ್ನ ಅಣ್ಣನ ಮಗನ ಮನೆಗೆ ಬೇಸಿಗೆಯಲ್ಲಿ ಹೋಗಿದ್ದಾಗ, ಅವನ ದೋಣಿಯ ಪಂಪು ನಿಂತ ಕೂಡಲೇ ಕೊಳವೆಯಲ್ಲಿದ್ದ ನೀರೆಲ್ಲ ಗಳಗಳನೆ ಮತ್ತೆ ತಳಕ್ಕೆ ಬಂದು ಬೀಳುವುದನ್ನು ಕಂಡೆ. ಬಿದ್ದ ನೀರಿಗೆ ತೇಲುವ ಸ್ವಿಚ್ ಮೇಲೆದ್ದು ಪಂಪು ಮತ್ತೆ ಶುರು, ಮತ್ತೆ ನಿಲುಗಡೆ, ಮತ್ತೆ ಶುರು. ಇಷ್ಟು ಸುಲಭದ ರೋಗಕ್ಕೆ ಈ ದೇಶದಲ್ಲಿ ಯಾರೂ ಮದ್ದು ಮಾಡಿಲ್ಲವಲ್ಲ ಎಂದು ಹೆಮ್ಮೆಯಿಂದ ಅಂಗಡಿಗೆ ಹೋಗಿ, ನಾವಿಲ್ಲಿ ಎನ್‌ಆರ್‌ವಿ ಎಂದು ಕರೆಯುವ ಒಮ್ಮುಖ ಕವಾಟವನ್ನು ತಂದು ಕೊಳವೆಯ ಮಧ್ಯೆ ಕೂರಿಸಿದೆ. ನೀರು ಹಿಂದಕ್ಕೆ ಬೀಳುವುದು ನಿಂತಿತು. ಹುಡುಗನೂ ಮೆಚ್ಚಿದ. ಮುಂದಿನ ಏಪ್ರಿಲ್‌ನಲ್ಲಿ ವಾಟ್ಸ್ಆ್ಯಪ್‌ನಲ್ಲಿ ಒಂದು ಚಿತ್ರ ಬಂತು: ಪಂಪಿನ ಹೊರಮೂತಿಯ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಬಿರುಕು, ನಾನು ಹಾಕಿದ ಕವಾಟವಂತೂ ಎರಡು ಹೋಳು. ಕೆಳಗೆ ಅವನು ಒಂದೇ ಸಾಲು ಬರೆದಿದ್ದ: "ಕಾಕಾ, ನೀವು ಹಾಕಿದ್ದು ಭಾಳ ಗಟ್ಟಿ ಹಿಡಿದಿತ್ತು."

ನಮ್ಮ ಕಡೆಯ ಪಂಪಿನ ವಿದ್ಯೆಯೆಲ್ಲ ನೀರನ್ನು ಒಳಗೆ ಹಿಡಿದಿಡುವ ವಿದ್ಯೆ. ಬಾವಿಯೊಳಗಿನ ಫೂಟ್ ವಾಲ್ವ್ ಇರುವುದೇ ಕೊಳವೆ ಬರಿದಾಗದಿರಲಿ ಎಂದು. ಬರಿದಾದರೆ ಮತ್ತೆ ಕೊಡದಿಂದ ನೀರು ಹೊಯ್ದು ಪ್ರೈಮಿಂಗ್ ಮಾಡಬೇಕಾಗುತ್ತದೆ. ದೋಣಿಯ ಪಂಪು ನೀರೊಳಗೇ ಮುಳುಗಿ ಕೂರುವುದರಿಂದ ಅದಕ್ಕೆ ಪ್ರೈಮಿಂಗ್‌ನ ಅಗತ್ಯವಿಲ್ಲ. ಅಂಥ ಪಂಪಿಗೆ ನಾನು ನಮ್ಮ ವಿದ್ಯೆಯನ್ನೇ ಹಚ್ಚಿದ್ದರಿಂದ, ನಿಂತಾಗ ತಾನಾಗಿ ಬರಿದಾಗುತ್ತಿದ್ದ ಕೊಳವೆ ಚಳಿಗಾಲವಿಡೀ ತುಂಬಿಕೊಂಡೇ ಉಳಿಯಿತು. ಮುಕ್ಕಾಲು ಇಂಚು ಒಳವ್ಯಾಸದ, ಆರಡಿ ಉದ್ದದ ಕೊಳವೆಯಲ್ಲಿ ಸುಮಾರು ಅರ್ಧ ಲೀಟರ್ ನೀರು ನಿಲ್ಲುತ್ತದೆ. ಪಂಪನ್ನು ಒಡೆಯಲು ಅಷ್ಟು ನೀರು ಧಾರಾಳವಾಯಿತು.

ಈಗ ನಿಮ್ಮ ಕೆಲಸಕ್ಕೆ ಬರೋಣ. ನಿಮ್ಮ ಅಳಿಯಂದಿರ ದೋಣಿ 16 ಅಡಿಯದಾದ್ದರಿಂದ ಅದನ್ನು ಚಳಿಗಾಲಕ್ಕೆ ಟ್ರೇಲರಿನ ಮೇಲೆ ದಡಕ್ಕೆ ತರುತ್ತಾರೆಂದು ಭಾವಿಸುತ್ತೇನೆ. ಅಲ್ಲಿನ ಕೆರೆಗಳು ಹೆಪ್ಪುಗಟ್ಟುವುದು ಸಾಮಾನ್ಯವಾಗಿ ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ. ಆದರೆ ರಾತ್ರಿಯ ಉಷ್ಣತೆ ಸೊನ್ನೆ ಮುಟ್ಟುವುದು ಅದಕ್ಕಿಂತ ಬಹಳ ಮೊದಲು. ಆದ್ದರಿಂದ ಅಕ್ಟೋಬರಿನ ಬಿಸಿಲಿರುವ ಒಂದು ದಿನ ಈ ಕೆಲಸವನ್ನು ಮುಗಿಸಿಕೊಳ್ಳಿ. ಅಲ್ಲಿನ ಹವಾಮಾನ ವರದಿಯಲ್ಲಿ ಫ್ಯಾರನ್‌ಹೀಟ್ ಲೆಕ್ಕ ಇರುವುದರಿಂದ, 32 ಎಂಬ ಅಂಕಿಯನ್ನು ನಮ್ಮ ಸೊನ್ನೆ ಎಂದು ತಿಳಿಯಬೇಕು.

ಮೊದಲು ಟ್ರೇಲರಿನ ಮುಂಭಾಗವನ್ನು ಎತ್ತಿ ನಿಲ್ಲಿಸಿ. ಎತ್ತು ಬಿಚ್ಚಿದ ಚಕ್ಕಡಿಯ ನೊಗವನ್ನು ಮೇಲಕ್ಕೆತ್ತಿದಾಗ ಹಿಂಬದಿ ನೆಲಕ್ಕೆ ವಾಲುವ ಹಾಗೆ ದೋಣಿಯ ಹಿಂಬದಿ ತಗ್ಗಾಗಬೇಕು. ಪಂಪು ಮತ್ತು ನೀರು ಬಿಡುವ ತೂತು ಎರಡೂ ಹಿಂಬದಿಯ ತಳದಲ್ಲೇ ಇರುತ್ತವೆ. ತೂತಿನ ಬೂಚನ್ನು ತಿರುಗಿಸಿ ತೆಗೆದು, ನೀರೆಲ್ಲ ಹರಿದ ಮೇಲೂ ಒಂದು ಹಗಲು ಹಾಗೆಯೇ ಬಿಡಿ; ಎಲೆ, ಮಣ್ಣಿನ ಅಡಿ ಸಿಕ್ಕಿಕೊಂಡ ನೀರು ಒಂದೇ ಸಲಕ್ಕೆ ಬರುವುದಿಲ್ಲ. ತೆಗೆದ ಬೂಚನ್ನು ದೋಣಿಯ ಕೀಲಿಕೈಗೆ ಕಟ್ಟಿಡಿ. ವಸಂತದಲ್ಲಿ ಬೂಚು ಹಾಕುವುದನ್ನು ಮರೆತು ದೋಣಿಯನ್ನು ನೀರಿಗಿಳಿಸಿ, ದಂಡೆಯ ಮೇಲಿನವರೆಲ್ಲ ನೋಡುತ್ತಿರುವಾಗ ಮೊಣಕಾಲಷ್ಟು ನೀರಿನಲ್ಲಿ ತಡಕಾಡುವವರು ಅಲ್ಲಿ ಪ್ರತಿ ವರ್ಷವೂ ಇರುತ್ತಾರೆ.

ಆಮೇಲೆ ಪಂಪಿನ ಕಡೆಗೆ. ಇಂಥ ಚಿಕ್ಕ ಪಂಪುಗಳು ಬಹುಮಟ್ಟಿಗೆ 12 ವೋಲ್ಟಿನವು, ಗಂಟೆಗೆ 500ರಿಂದ 1,100 ಗ್ಯಾಲನ್ ಎಂದು ಮೈಮೇಲೆ ಬರೆದಿರುತ್ತದೆ. ಅಮೆರಿಕದ ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಕೆಳಗೆ ಜಾಲರಿಯಿರುವ ಒಂದು ತಳವು ದೋಣಿಗೆ ಸ್ಕ್ರೂ ಹಾಕಿ ಕೂರಿಸಿದ್ದು ಇರುತ್ತದೆ, ಮೋಟಾರಿನ ಭಾಗ ಅದರ ಮೇಲೆ ಕಚ್ಚಿಕೊಂಡಿರುತ್ತದೆ. ಎರಡೂ ಬದಿಯ ಪ್ಲಾಸ್ಟಿಕ್ ನಾಲಿಗೆಗಳನ್ನು ಹೆಬ್ಬೆರಳು ತೋರುಬೆರಳುಗಳಿಂದ ಒತ್ತಿ ಮೇಲಕ್ಕೆ ಎಳೆದರೆ, ಕೆಲವು ಮಾದರಿಗಳಲ್ಲಿ ಸ್ವಲ್ಪ ತಿರುಗಿಸಿದರೆ, ಅದು ಕೈಗೆ ಬರುತ್ತದೆ. ಮೊದಲು ಬ್ಯಾಟರಿಯ ತಂತಿ ಕಳಚಿರಬೇಕು. ಕೈಗೆ ಬಂದ ಪಂಪನ್ನು ಬೋರಲು ಹಿಡಿದರೆ ಒಳಗಿನ ಇಂಪೆಲ್ಲರ್, ಅಂದರೆ ತಿರುಗಿ ನೀರನ್ನು ತಳ್ಳುವ ರೆಕ್ಕೆಗಳ ಚಕ್ರ, ಕಾಣುತ್ತದೆ, ನಮ್ಮ ಊರಿನ ದೊಡ್ಡ ಪಂಪಿನದೇ ಮರಿ ಅದು. ಅದರ ಬುಡದಲ್ಲಿ ಏನಾದರೂ ಸುತ್ತಿಕೊಂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಮೀನಿನ ಗಾಳದ ನೈಲಾನ್ ದಾರ ಕಣ್ಣಿಗೆ ಬೀಳದಷ್ಟು ತೆಳ್ಳಗೆ ಸುತ್ತಿಕೊಂಡು ಅದು ತಿರುಗುವ ಶಾಫ್ಟನ್ನು ಬಿಗಿದಿರುತ್ತದೆ. ಅದನ್ನು ಸೂಜಿಯ ತುದಿಯಿಂದ ಎಳೆದು ತೆಗೆಯಬೇಕು. ನಿಮ್ಮ ಕಣ್ಣಿಗೆ ಅದು ಕಷ್ಟವಾದರೆ ಮೊಮ್ಮಕ್ಕಳನ್ನು ಕರೆಯಿರಿ.

ಮೂತಿಗೆ ಹಾಕಿದ ಕೊಳವೆಯ ಪಟ್ಟಿಯನ್ನು ಸಡಿಲಿಸಿ ಕೊಳವೆಯನ್ನೂ ಕಳಚಿ ಕೆಳಗೆ ಹಿಡಿಯಿರಿ. ಪಂಪಿನಿಂದ ದೋಣಿಯ ಪಕ್ಕೆಯ ತೂತಿನವರೆಗೆ ಕೊಳವೆ ಎಲ್ಲಿಯೂ ತಗ್ಗಾಗದೆ ಏರುತ್ತಾ ಹೋಗಿದ್ದರೆ ಅದರಲ್ಲಿ ನೀರು ನಿಲ್ಲುವುದಿಲ್ಲ. ಜೋಲುಬಿದ್ದ ಜಾಗವಿದ್ದರೆ ಅಲ್ಲಿ ನಿಂತೇ ನಿಲ್ಲುತ್ತದೆ. ಒಳಗೆ ಉಂಗುರ ಉಂಗುರವಾಗಿ ಸುಕ್ಕಿರುವ ಕೊಳವೆಯಾದರೆ ಪ್ರತಿ ಸುಕ್ಕಿನಲ್ಲಿಯೂ ಇಷ್ಟಿಷ್ಟು ಉಳಿಯುತ್ತದೆ, ಬೆಲೆ ಕಡಿಮೆಯೆಂದು ದೋಣಿ ಮಾಡುವವರು ಇದನ್ನೇ ಹಾಕಿರುತ್ತಾರೆ. ಸಾಧ್ಯವಾದರೆ ಒಳಮೈ ನುಣುಪಾದ ಕೊಳವೆಗೆ ಬದಲಾಯಿಸಲು ಅಳಿಯಂದಿರಿಗೆ ಹೇಳಿ. ಮಧ್ಯದಲ್ಲಿ ನನ್ನಂಥ ಜಾಣರು ಯಾರಾದರೂ ಒಮ್ಮುಖ ಕವಾಟ ಕೂರಿಸಿದ್ದರೆ ಅದನ್ನು ತೆಗೆಸಿಬಿಡಿ.

ಪಂಪನ್ನು ಒರೆಸಿ, ಒಣಗಿಸಿ, ಮನೆಯೊಳಗೆ ಒಂದು ಕಪಾಟಿನಲ್ಲಿಟ್ಟರೆ ಅಲ್ಲಿಗೆ ಚಿಂತೆ ಮುಗಿಯಿತು. ಅದು ಬಿಚ್ಚಲು ಬಾರದಂತೆ ಕೂತಿದ್ದರೆ ಮಾತ್ರ ಹೆಪ್ಪುಗಟ್ಟದ ದ್ರವದ ಮಾತು ಬರುತ್ತದೆ. ಅಲ್ಲಿನ ಅಂಗಡಿಗಳಲ್ಲಿ ದೋಣಿ ಮತ್ತು ಕ್ಯಾಂಪಿಂಗ್ ವಾಹನಗಳ ನೀರಿನ ಕೊಳವೆಗಳಿಗೆಂದೇ ಗುಲಾಬಿ ಬಣ್ಣದ ದ್ರವ ಸಿಗುತ್ತದೆ, ಡಬ್ಬಿಯ ಮೇಲೆ ಪ್ರೊಪಿಲೀನ್ ಗ್ಲೈಕಾಲ್ ಎಂದಿದೆಯೇ ನೋಡಿ ತೆಗೆದುಕೊಳ್ಳಿ. ತಳದ ನೀರನ್ನೆಲ್ಲ ಬಟ್ಟೆಯಿಂದ ಒತ್ತಿ ತೆಗೆದು, ಬೂಚನ್ನು ತಾತ್ಕಾಲಿಕವಾಗಿ ಹಾಕಿ, ಜಾಲರಿ ಮುಳುಗುವಷ್ಟು ದ್ರವವನ್ನು ಸುರಿದು, ಹೊರಗಿನ ತೂತಿನ ಕೆಳಗೆ ಬಕೆಟ್ ಹಿಡಿದು, ಗುಲಾಬಿ ಬಣ್ಣ ಹೊರಗೆ ಬರುವವರೆಗೆ ಮಾತ್ರ ಪಂಪನ್ನು ಓಡಿಸಿ. ದ್ರವಕ್ಕೆ ನೀರು ಬೆರೆಸಬೇಡಿ, ನೀರು ಉಳಿದಿರುವ ಕಡೆಯೂ ಸುರಿಯಬೇಡಿ. ಡಬ್ಬಿಯ ಮೇಲೆ ಸೊನ್ನೆಗಿಂತ 50 ಫ್ಯಾರನ್‌ಹೀಟ್ ಕೆಳಗಿನವರೆಗೆ, ಅಂದರೆ ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಸುಮಾರು 46 ಡಿಗ್ರಿ ಕೆಳಗಿನವರೆಗೆ ಎಂದು ಬರೆದಿರುವುದು ನಿಜ. ಆದರೆ ಅದು ಕೊಳವೆ ಒಡೆಯದಿರುವ ಮಿತಿಯೇ ಹೊರತು ದ್ರವ ಹರಿಯುತ್ತಿರುವ ಮಿತಿಯಲ್ಲ. ಅದಕ್ಕಿಂತ ಬಹಳ ಮೊದಲೇ ಅದು ಅರ್ಧ ಗಟ್ಟಿಯಾದ ರಾಡಿಯಂತಾಗುತ್ತದೆ. ಆಗ ಪಂಪು ಒಡೆಯುವುದಿಲ್ಲ, ಓಡಿಸಲೂ ಬಾರದು.

ಬ್ಯಾಟರಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸೀಸ-ಆಮ್ಲದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾಗಿದ್ದರೆ ಏಳೆಂಟು ಡಿಗ್ರಿ ಕೆಳಗೇ ಒಳಗಿನ ನೀರು ಗಟ್ಟಿಯಾಗಿ ಪೆಟ್ಟಿಗೆ ಬಿರಿಯುತ್ತದೆ. ಅದನ್ನೂ ಚಾರ್ಜ್ ಮಾಡಿ ತೆಗೆದಿಡಿ.

ಪ್ರಶ್ನೆ: ನಾನು ಮೋಟಾರ್ ರಿವೈಂಡಿಂಗ್ ಮಾಡುವವನು. ನೀರು ಗಟ್ಟಿಯಾದಾಗ ಹಿಗ್ಗುವುದು ನೂರಕ್ಕೆ ಒಂಬತ್ತರಷ್ಟು ಎಂದು ಓದಿದ್ದೇನೆ. ಪಂಪಿಗೆ ಒಂದು ಕಡೆ ಜಾಲರಿ, ಇನ್ನೊಂದು ಕಡೆ ತೆರೆದ ಕೊಳವೆ ಇರುವಾಗ ಹಿಗ್ಗಿದ್ದು ಹೊರಗೆ ಬರಬೇಕಲ್ಲ, ಒಡೆಯುವುದು ಏಕೆ? ಅಲ್ಲದೆ, ಕಾರಿನ ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟನ್ನೇ ದೋಣಿಯ ತಳಕ್ಕೂ ಸುರಿದರೆ ಆಗದೇ? ನೆಂಟರೊಬ್ಬರು ಹೊರದೇಶದಿಂದ ಕೇಳಿದ್ದಾರೆ.
— ಓದುಗರು, ಗದಗ

ಉತ್ತರ: ನಿಮ್ಮ ಮೊದಲ ಪ್ರಶ್ನೆ ಬಹಳ ಸರಿಯಾದದ್ದು, ನನ್ನ ಕವಾಟ ಒಡೆಯುವ ಮೊದಲು ನಾನೂ ಹಾಗೆಯೇ ತಿಳಿದಿದ್ದೆ. ನೀರೆಲ್ಲ ಒಂದೇ ಕ್ಷಣಕ್ಕೆ ಗಟ್ಟಿಯಾಗುವುದಾಗಿದ್ದರೆ ನೀವು ಹೇಳಿದಂತೆ ಹೊರಗೆ ಉಬ್ಬಿಕೊಳ್ಳುತ್ತಿತ್ತು. ಆದರೆ ಅದು ಗಟ್ಟಿಯಾಗುವುದು ಹೊರಗಿನಿಂದ ಒಳಕ್ಕೆ. ಗಾಳಿಗೆ ಒಡ್ಡಿಕೊಂಡ ಕೊಳವೆಯ ತುದಿ ಮೊದಲು ಗಟ್ಟಿಯಾಗಿ ಬೂಚಿನಂತೆ ಕೂರುತ್ತದೆ. ತಳದಲ್ಲಿ ನಿಂತ ನೀರಿನ ಮೇಲ್ಮೈ ಗಟ್ಟಿಯಾಗಿ ಜಾಲರಿಯ ಕಡೆಯ ದಾರಿಯೂ ಮುಚ್ಚುತ್ತದೆ. ಈಗ ಎರಡು ಬೂಚುಗಳ ನಡುವೆ ಇನ್ನೂ ನೀರಾಗಿಯೇ ಉಳಿದ ಒಂದಿಷ್ಟು ಭಾಗ ಸೆರೆಯಾಯಿತು. ಅದು ಗಟ್ಟಿಯಾಗಹೊರಟಾಗ ಹಿಗ್ಗಲು ಜಾಗವಿಲ್ಲದೆ ಒತ್ತಡ ಏರುತ್ತಾ ಹೋಗುತ್ತದೆ. ಒಂಬತ್ತು ಎನ್ನುವುದು ಚಿಕ್ಕ ಅಂಕಿಯೆನಿಸಬಹುದು, ಅರ್ಧ ಲೀಟರಿಗೆ 45 ಮಿಲಿಲೀಟರ್, ಒಂದು ಸಣ್ಣ ಚಹಾದ ಕಪ್ಪಿನಷ್ಟು. ಆದರೆ ಆ ಕಪ್ಪಿನಷ್ಟಕ್ಕೆ ಜಾಗ ಸಿಗದೆ ಹೋದರೆ, ಸೊನ್ನೆಗಿಂತ 22 ಡಿಗ್ರಿ ಕೆಳಗೆ ಅದು ಪ್ರತಿ ಚದರ ಸೆಂಟಿಮೀಟರಿಗೆ 2,000 ಕಿಲೋಗೂ ಮಿಕ್ಕ ಒತ್ತಡ ಹುಟ್ಟಿಸಬಲ್ಲದು. ನೀರನ್ನು ಹತ್ತು ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಒತ್ತಡ ಚದರ ಸೆಂಟಿಮೀಟರಿಗೆ ಒಂದೇ ಕಿಲೋ ಎಂಬುದು ನಿಮಗೆ ಗೊತ್ತಿರುವುದೇ. ಬೀಡು ಕಬ್ಬಿಣವೇ ತಾಳದ ಜಾಗದಲ್ಲಿ ಪ್ಲಾಸ್ಟಿಕ್ ಮೂತಿ ತಾಳೀತೇ? ಎಲ್ಲಕ್ಕಿಂತ ಮೊದಲು ಸೋಲುವ ಜಾಗವೇ ಒಡೆಯುವುದರಿಂದ ಒತ್ತಡ ಅಷ್ಟು ದೂರ ಹೋಗುವ ಪ್ರಸಂಗವೇ ಬರುವುದಿಲ್ಲ.

ನಿಮ್ಮ ಕಸುಬಿಗೆ ಹತ್ತಿರದ ಇನ್ನೊಂದು ಸಂಗತಿ ಇದೆ. ಮೈ ಒಡೆಯದಿದ್ದರೂ ಇಂಪೆಲ್ಲರ್ ಮಂಜುಗಡ್ಡೆಯಲ್ಲಿ ಕಚ್ಚಿಕೊಂಡಿದ್ದಾಗ ಯಾರಾದರೂ ಸ್ವಿಚ್ ಹಾಕಿದರೆ ಮೋಟಾರು ತಿರುಗಲಾರದೆ ನಿಂತಲ್ಲೇ ಗುಂಯ್‌ಗುಟ್ಟುತ್ತದೆ, ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ತಯಾರಕರು ಹೇಳಿದ ಅಳತೆಯ ಫ್ಯೂಸ್ ಇದ್ದರೆ ಅದು ಹಾರಿ ಮೋಟಾರು ಉಳಿಯುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತುವ ನಮ್ಮ ಊರಿನ ಚಟವನ್ನು ದೋಣಿಯಲ್ಲಿ ಮಾಡಿದರೆ ಕಾಯಿಲ್ ಸುಟ್ಟಲ್ಲಿಗೆ ನಿಲ್ಲುವುದಿಲ್ಲ, ಪೆಟ್ರೋಲ್ ಟ್ಯಾಂಕಿರುವ ದೋಣಿಯ ತಂತಿಗಳೇ ಕಾದು ಬಿಸಿಯಾಗುತ್ತವೆ. ಕಚ್ಚಿಕೊಂಡ ಪಂಪು ಕಂಡರೆ ಅದನ್ನು ಬೆಚ್ಚಗಿನ ಕೋಣೆಗೆ ತರಬೇಕು, ಇಲ್ಲವೇ ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಹೊಯ್ಯಬೇಕು. ಕುದಿಯುವ ನೀರು ಹೊಯ್ದರೆ ಪ್ಲಾಸ್ಟಿಕ್ ಆಗಲೇ ಸೀಳೀತು. ಬೆಂಕಿಯನ್ನಂತೂ ಹತ್ತಿರ ಸುಳಿಸಬಾರದು. ಬೆರಳಿನಿಂದ ಇಂಪೆಲ್ಲರ್ ಸರಾಗವಾಗಿ ತಿರುಗಿದ ಮೇಲೆಯೇ ಒಂದು ಬಕೆಟ್ ನೀರಿನಲ್ಲಿಟ್ಟು ಸ್ವಿಚ್ ಹಾಕಿ ನೋಡುವುದು.

ಕೂಲಂಟಿನ ಬಗ್ಗೆ: ಖಂಡಿತ ಬೇಡ. ಸಾಮಾನ್ಯ ಹಸಿರು ಕೂಲಂಟಿನಲ್ಲಿರುವುದು ಎಥಿಲೀನ್ ಗ್ಲೈಕಾಲ್. ಅದು ವಿಷ, ಮೇಲಾಗಿ ರುಚಿ ಸಿಹಿ. ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ ಬೆಕ್ಕುಗಳು ನೆಕ್ಕಿ ಮೂತ್ರಪಿಂಡ ಕೆಟ್ಟು ಸಾಯುತ್ತವೆ, ಮಕ್ಕಳಿಗೂ ಅಪಾಯ. ರೇಡಿಯೇಟರಿನಲ್ಲಿ ಅದು ಮುಚ್ಚಿದ ದಾರಿಯಲ್ಲಿ ಸುತ್ತುತ್ತಿರುತ್ತದೆ. ದೋಣಿಯ ತಳದಲ್ಲಿ ಸುರಿದದ್ದು ವಸಂತದಲ್ಲಿ ಪಂಪು ಓಡಿದ ಕೂಡಲೇ ಕೆರೆಗೆ ಹೋಗುತ್ತದೆ. ಆಲ್ಕೋಹಾಲ್ ಬೆರೆತ ಅಗ್ಗದ ದ್ರವಗಳೂ ಸಿಗುತ್ತವೆ, ಅವು ಬೇಗ ಹತ್ತಿಕೊಳ್ಳುವಂಥವು ಮತ್ತು ರಬ್ಬರ್ ಸೀಲುಗಳನ್ನು ಒಣಗಿಸುವಂಥವು. ಉಪ್ಪು ಹಾಕಿದರೆ ಹೇಗೆ ಎಂದು ನಿಮ್ಮ ನೆಂಟರು ಮುಂದಿನ ಸಲ ಕೇಳಬಹುದು: ಉಪ್ಪುನೀರು ಗಟ್ಟಿಯಾಗುವುದು ತಡವಾಗುತ್ತದೆ ನಿಜ, ಆದರೆ ಅಲ್ಯೂಮಿನಿಯಂ ದೋಣಿಯನ್ನೂ ತಂತಿಯ ಜೋಡಣೆಗಳನ್ನೂ ಒಟ್ಟಿಗೇ ತಿನ್ನುತ್ತದೆ.

ಪ್ರಶ್ನೆ: ನಾನು ರಾಣೇಬೆನ್ನೂರಿನವನು, ಕೆನಡಾದ ಟೊರೊಂಟೊದಲ್ಲಿ ಓದುತ್ತಿದ್ದೇನೆ. ನಾನಿರುವ ಮನೆಯ ಹಿರಿಯರು ತಮ್ಮ ಹಳೆಯ ದೋಣಿಯನ್ನು ಈ ವರ್ಷ ಮೇಲೆತ್ತದೆ ಕಟ್ಟೆಯ ಪಕ್ಕ ನೀರಿನಲ್ಲೇ ಬಿಡುವವರಿದ್ದಾರೆ. ತಳಕ್ಕೆ ಒಂದು ನೂರು ವ್ಯಾಟಿನ ಬಲ್ಬ್ ಇಳಿಬಿಟ್ಟರೆ ಪಂಪು ಬೆಚ್ಚಗಿರುತ್ತದೆ ಎನ್ನುತ್ತಾರೆ. ತೇಲುವ ಸ್ವಿಚ್ ಇರುವುದರಿಂದ ನೀರು ಬಂದರೆ ಪಂಪು ತಾನೇ ಓಡುತ್ತದೆ ಎಂಬ ಭರವಸೆಯೂ ಅವರಿಗಿದೆ. ಇದು ಸರಿಯೇ, ಸರ್?
— ಓದುಗರು, ಟೊರೊಂಟೊ

ಉತ್ತರ: ಹಿರಿಯರಿಗೆ ನೀವು ಗೌರವದಿಂದಲೇ ಹೇಳಿ, ಆದರೆ ಹೇಳಿ: ಮೇಲೆತ್ತುವುದೇ ಸರಿ. ದಡದ ಮೇಲಿನ ದೋಣಿಯಲ್ಲಿ ಪಂಪು ಕೆಟ್ಟರೆ ಹೋಗುವುದು ಪಂಪು. ನೀರಿನಲ್ಲಿರುವ ದೋಣಿಯಲ್ಲಿ ಪಂಪು ಕೆಟ್ಟರೆ ದೋಣಿಯೇ ಹೋದೀತು.

ಬಲ್ಬಿನ ಉಪಾಯ ಬಹಳ ಅಪಾಯದ್ದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ಬಂದು ಸೇರುವ ಜಾಗವೇ ದೋಣಿಯ ತಳ. ಅಲ್ಲಿ ಒಡೆಯಬಹುದಾದ ಬಿಸಿ ಗಾಜು, ಕಿಡಿ ಹಾರಬಹುದಾದ ಹೋಲ್ಡರ್, ಒದ್ದೆಯಲ್ಲಿ ಬಿದ್ದ ವೈರು, ಮೂರೂ ಒಟ್ಟಿಗೆ ಇರಬಾರದವು. ಮನೆಯಲ್ಲಿ ಬಳಸುವ ಹೀಟರ್ ಕೂಡ ಬೇಡ. ದೋಣಿಯ ತಳಕ್ಕೆಂದೇ ಮಾಡಿದ, ಕಿಡಿ ಹೊರಬಾರದಂತೆ ಮುಚ್ಚಿದ ಹೀಟರುಗಳು ಸಿಗುತ್ತವೆ. ಆದರೂ ಬಿರುಗಾಳಿಯ ರಾತ್ರಿ ಕಟ್ಟೆಯ ಕರೆಂಟ್ ಹೋಯಿತೆಂದರೆ ಅದೂ ಆರುತ್ತದೆ, ಚಳಿ ಹೆಚ್ಚಿರುವುದೂ ಅಂಥ ರಾತ್ರಿಯೇ.

ತೇಲುವ ಸ್ವಿಚ್ಚಿನ ಭರವಸೆ ಅದಕ್ಕಿಂತ ದುರ್ಬಲ. ಅದರ ಚಲಿಸುವ ಭಾಗ ಎರಡು ಬೆರಳಿನಷ್ಟು ಅಗಲದ ಒಂದು ಟೊಳ್ಳು ನಾಲಿಗೆ, ಬುಡದಲ್ಲಿ ಒಂದು ಚಿಕ್ಕ ತಿರುಗುಣಿ. ತಳದಲ್ಲಿ ಒಂದು ಇಂಚು ನೀರು ನಿಂತು ಗಟ್ಟಿಯಾದರೂ ಸಾಕು, ನಾಲಿಗೆ ಕೆಳಗೇ ಕಚ್ಚಿಕೊಂಡು, ಮೇಲೆ ಎಷ್ಟು ನೀರು ಬಂದರೂ ಏಳುವುದಿಲ್ಲ. ಎದ್ದಿರುವಾಗಲೇ ಕಚ್ಚಿಕೊಂಡರೆ ಪಂಪು ನೀರಿಲ್ಲದೆ ಓಡಿ ಓಡಿ ಬ್ಯಾಟರಿಯನ್ನು ಬರಿದುಮಾಡುತ್ತದೆ. ಬರಿದಾದ ಬ್ಯಾಟರಿ ಹೆಪ್ಪುಗಟ್ಟುವ ವಿಷಯವನ್ನು ಮೇಲೆ ಧಾರವಾಡದವರಿಗೆ ಬರೆದಿದ್ದೇನೆ.

ಇಷ್ಟಾದರೂ ದೋಣಿ ನೀರಿನಲ್ಲೇ ಇರುವುದಾದರೆ ಒಂದು ಸಂಗತಿ ತಿಳಿದಿರಬೇಕು. ನೀರು ಅತಿ ದಟ್ಟವಾಗಿರುವುದು 4 ಡಿಗ್ರಿಯಲ್ಲಿ, ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಸರೋವರದ ಮೇಲ್ಮೈ ಗಟ್ಟಿಯಾದರೂ ಕೆಳಗಿನ ನೀರು ಸೊನ್ನೆಗಿಂತ ಸ್ವಲ್ಪ ಮೇಲೆಯೇ ಇರುತ್ತದೆ, ಅದಕ್ಕೆ ಮೈ ತಾಗಿಸಿಕೊಂಡಿರುವ ದೋಣಿಯ ತಳವೂ ಹೊರಗಿನ ಗಾಳಿಯಷ್ಟು ತಣ್ಣಗಾಗುವುದಿಲ್ಲ. ಹೀಗಾಗಿ ಎಷ್ಟೋ ಸಲ ಪಂಪು ಹೆಪ್ಪುಗಟ್ಟುವ ಮೊದಲೇ ನೀರಿನ ಮಟ್ಟದಿಂದ ಮೇಲಿರುವ ಕೊಳವೆಯ ತುದಿ, ದೋಣಿಯ ಪಕ್ಕೆಯ ತೂತಿನ ಹತ್ತಿರ, ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಪಂಪು ಓಡುವ ಸದ್ದು ಕಿವಿಗೆ ಬರುತ್ತಿರುತ್ತದೆ, ನೀರು ಮಾತ್ರ ಹೊರಗೆ ಬೀಳುತ್ತಿರುವುದಿಲ್ಲ. ಆದ್ದರಿಂದ ಸದ್ದನ್ನು ನಂಬದೆ ಹೊರಗಿನ ತೂತನ್ನು ನೋಡಬೇಕು. ಕೊಳವೆ ಆದಷ್ಟು ಗಿಡ್ಡದಾಗಿ, ನೇರವಾಗಿ, ಒಂದೇ ಸಮನೆ ಏರುವಂತಿರಲಿ, ಮಧ್ಯೆ ಕವಾಟ ಬೇಡ, ಪಂಪು ನಿಂತೊಡನೆ ನೀರು ಹಿಂದಕ್ಕೆ ಬೀಳಲಿ. ತಳದಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಹಾಕಿದ್ದರೂ ಪ್ರತಿ ಸಲ ಪಂಪು ಓಡಿದಾಗ ಅದರಲ್ಲಿ ಒಂದಿಷ್ಟು ಹೊರಟುಹೋಗುತ್ತದೆ, ಉಳಿದದ್ದು ಮಳೆ ನೀರಿಗೆ ತೆಳುವಾಗುತ್ತದೆ. ಒಮ್ಮೆ ಸುರಿದೆವೆಂದು ಮಾರ್ಚಿನವರೆಗೆ ನಿಶ್ಚಿಂತೆಯಿಂದ ಇರಲು ಬಾರದು.

ಹಿಮದ ತೂಕವನ್ನು ನಮ್ಮ ಕಡೆಯವರು ಲೆಕ್ಕಕ್ಕೇ ತರುವುದಿಲ್ಲ, ಹತ್ತಿಯಂತೆ ಕಾಣುತ್ತದೆ ನೋಡಿ. ಹೊಸದಾಗಿ ಬಿದ್ದ ಹಿಮ ಘನ ಮೀಟರಿಗೆ ನೂರು ಕಿಲೋದ ಒಳಗೇ ಇರಬಹುದು. ಬಿಸಿಲು ಬಿದ್ದು ಒತ್ತಿಕೊಂಡು ಒದ್ದೆಯಾದ ಹಿಮ ಮುನ್ನೂರು ಕಿಲೋ ದಾಟುತ್ತದೆ. ಒಂಬತ್ತು ಚದರ ಮೀಟರ್ ಅಗಲದ ಹೊದಿಕೆಯ ಮೇಲೆ ಒಂದಡಿ ಹಿಮ ಕೂತು ಒದ್ದೆಯಾದರೆ ಅದು 800 ಕಿಲೋದ ಹೊರೆ, ಹತ್ತು ಹನ್ನೆರಡು ಜನ ಹತ್ತಿ ಕೂತಂತೆ. ದೋಣಿ ಕುಸಿದಾಗ ಎಂದೂ ನೀರು ಮುಟ್ಟದ ಪಕ್ಕೆಯ ತೂತುಗಳು ನೀರಿನ ಕೆಳಗೆ ಹೋಗುತ್ತವೆ. ಆಗ ಹೊರಗೆ ಹಾಕುವ ದಾರಿಯೇ ಒಳಗೆ ಬರುವ ದಾರಿಯಾಗುತ್ತದೆ. ಆದ್ದರಿಂದ ಪ್ರತಿ ದೊಡ್ಡ ಹಿಮಪಾತದ ಮರುದಿನ ಹೋಗಿ ಹೊದಿಕೆಯನ್ನು ಗುಡಿಸಿ ಬರಬೇಕು. ಬಾಡಿಗೆಯ ಕೋಣೆಯಲ್ಲಿರುವ ಹುಡುಗನಾದ ನಿಮ್ಮ ಮೇಲೆಯೇ ಆ ಕೆಲಸ ಬೀಳುವುದು ಖಚಿತವಾದ್ದರಿಂದ, ಮೇಲೆತ್ತಲು ಒಪ್ಪಿಸುವುದು ನಿಮಗೂ ಲಾಭ. ದೋಣಿಯಲ್ಲಿ ಕೈಯಿಂದ ಒತ್ತುವ ರಬ್ಬರ್ ಪೊರೆಯ ಪಂಪು ಇದ್ದರೆ ಅದರ ಹೊಟ್ಟೆಯಲ್ಲಿಯೂ ನೀರು ನಿಂತಿರುತ್ತದೆ. ಮುಚ್ಚಳ ಬಿಚ್ಚಿ ಒರೆಸಿಡಿ.

ಪ್ರಶ್ನೆ: ನಾವು ತುಂಗಭದ್ರೆಯಲ್ಲಿ ಮೀನು ಹಿಡಿಯುವವರು. ಮೊದಲು ಹರಿಗೋಲಿನಲ್ಲಿ ತಗಡಿನ ಡಬ್ಬಿಯಿಂದ ನೀರು ಮೊಗೆದು ಹಾಕುತ್ತಿದ್ದೆವು. ಈಗ ಫೈಬರ್ ದೋಣಿಗೆ ಹಳೆಯ 12 ವೋಲ್ಟಿನ ಪಂಪೊಂದನ್ನು ತಂದು ಹಾಕಿದ್ದೇವೆ. ಅದರ ಜೊತೆ ಬಂದ ಕಾಗದದಲ್ಲಿ ಚಳಿಗಾಲಕ್ಕೆ ಬಿಚ್ಚಿಡಬೇಕೆಂದು ಇದೆಯಂತೆ. ನಾವೂ ಬಿಚ್ಚಿಡಬೇಕೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಬೇಕಾಗಿಲ್ಲ. ಆ ಕಾಗದ ಬರೆದಿರುವುದು ಹಿಮದ ನಾಡಿನವರಿಗೆ. ನಮ್ಮಲ್ಲಿ ಡಿಸೆಂಬರಿನ ಬೆಳಗು ಎಷ್ಟೇ ಚಳಿಯೆನಿಸಿದರೂ ನೀರು ಹೆಪ್ಪುಗಟ್ಟುವ ಮಾತು ದೂರವೇ ಉಳಿಯಿತು. ಮಂಗೋಲಿಯಾ ಕಡೆಯ ಚಳಿ ತಾಳಲಾರದೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದು ಇಳಿಯುತ್ತವೆ. 2024ರಲ್ಲಿ ಆ ಕೆರೆಗೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಾದ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದನ್ನು ನೀವೂ ಓದಿರಬಹುದು.

ನಿಮ್ಮ ಪಂಪಿಗೆ ತೊಂದರೆ ಕೊಡುವುದು ಹೂಳು ಮತ್ತು ಬಲೆಯ ದಾರ. ಮಳೆಗಾಲದಲ್ಲಿ ಕೆಂಪಾಗಿ ಬರುವ ನೀರಿನ ಮಣ್ಣು ಜಾಲರಿಯೊಳಗೆ ಕೂತು, ಬೇಸಿಗೆಯಲ್ಲಿ ದೋಣಿ ದಡಕ್ಕೆ ಬಿದ್ದಿರುವಾಗ ಒಣಗಿ, ಇಂಪೆಲ್ಲರನ್ನು ಮಂಜಿನಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ. ದೋಣಿಯನ್ನು ದಡಕ್ಕೆ ಎಳೆದ ದಿನವೇ ಪಂಪನ್ನು ಬಿಚ್ಚಿ ಒಳ್ಳೆಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿಡಿ. ನಿಮ್ಮದು ಹಳೆಯ ಪಂಪಾದ್ದರಿಂದ ಅದು ಯಾವ ದೇಶದಲ್ಲಿ ಎಷ್ಟು ಚಳಿಗಾಲ ಕಂಡಿದೆಯೋ ಹೇಳಲು ಬಾರದು. ಮೂತಿಯ ಉದ್ದಕ್ಕೆ ಉಗುರು ಆಡಿಸಿ ನೋಡಿ, ಉಗುರು ಎಲ್ಲಿಯಾದರೂ ತಡೆದರೆ ಅಲ್ಲಿ ಬಿರುಕಿದೆ. ಹಾಗಿದ್ದರೆ ಹೊಸದು ತರುವವರೆಗೆ ತಗಡಿನ ಡಬ್ಬಿಯೂ ದೋಣಿಯಲ್ಲಿರಲಿ.